ಪರವೂರಿನ ಮಣಿ, ನಮ್ಮೂರಿನ ದಾರ

ಕನ್ನಡನಾಡಿನ ಗೃಹಿಣಿಯ ಕೊರಳಿನಲ್ಲಿ ಬಂಗಾರವಿರಲಿ ಇಲ್ಲದಿರಲಿ, ಕರಿಮಣಿಯು ಬಹುಮಟ್ಟಿಗೆ ಇದ್ದೇ ಇರುತ್ತದೆ. ಬಡವಳ ತಾಳಿಗೆ ಅರಿಸಿನದ ದಾರವೇ ಗತಿಯಾದಾಗಲೂ ಅದರ ಮಗ್ಗುಲಿಗೆ ನಾಲ್ಕು ಕರಿಮಣಿಗಳು ಸೇರಿಕೊಳ್ಳುತ್ತವೆ. ತೊಟ್ಟಿಲ ಕೂಸಿಗೆ ದೃಷ್ಟಿ ತಾಕದಿರಲೆಂದು ಅಜ್ಜಿಯು ಮುಂಗೈಗೆ ಕಟ್ಟುವುದು ಕರಿಮಣಿಯನ್ನೇ. ಕಾಡಿನಂಚಿನ ಹಾಡಿಯ ಹೆಂಗಸಿನ ಮಣಿಸರದಿಂದ ಹಿಡಿದು ಕೊಡಗಿನ ವಧುವಿನ ಕರ್ತಮಣಿ ಪತ್ತಾಕಿನವರೆಗೆ ಮಣಿಯಿಲ್ಲದ ಶೃಂಗಾರವು ನಮ್ಮಲ್ಲಿ ವಿರಳ. ಇಷ್ಟು ಮಂಗಳಕರವೆಂದು ನಾವು ಭಾವಿಸುವ ಈ ಪುಟ್ಟ ಗಾಜಿನ ತುಣುಕನ್ನು ಮಾಡುವವರು ಯಾರು, ಅದು ಯಾವ ಊರಿನ ಬೆಂಕಿಯಲ್ಲಿ ಹುಟ್ಟಿ ಬಂದಿತು, ಅದಕ್ಕೆ ನಾವು ಕೊಟ್ಟ ಹಣದಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಕೇಳಿದವರು ಮಾತ್ರ ಬಹಳ ಕಡಮೆ. ಆ ಪ್ರಶ್ನೆಯನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನು ದಾಟಿ ಪಿರಿಯಾಪಟ್ಟಣದ ಕಡೆಗೆ ಸಾಗಿದರೆ ನಡುವೆ ಕಂಪಲಾಪುರವು ಸಿಕ್ಕುತ್ತದೆ. ತಂಬಾಕಿನ ಹರಾಜು ಕಟ್ಟೆಯಿಂದ ಹೆಸರಾದ ಊರು ಅದು. ಮುಂದೆ ಅದೇ ದಾರಿಯಲ್ಲಿ 1960ರ ಈಚೆಗೆ ಟಿಬೆಟ್ಟಿನ ನಿರಾಶ್ರಿತರು ನೆಲೆಯೂರಿದ ಬೈಲಕುಪ್ಪೆಯಿದೆ. ಅದನ್ನು ದಾಟಿದರೆ ಕುಶಾಲನಗರ, ಕೊಡಗು. ಹಿಂದಕ್ಕೆ ಹುಣಸೂರು ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿ ಜನರ ಪಕ್ಷಿರಾಜಪುರವಿದೆ. ಮಣಿ, ಸರ, ಜಪಮಾಲೆ, ಓಲೆಗಳನ್ನು ಕೊಳ್ಳುವ ಯಾತ್ರಿಕರೂ ಪ್ರವಾಸಿಗಳೂ ವರ್ಷವಿಡೀ ಓಡಾಡುವ ದಾರಿ ಇದು. ಮಣಿಯನ್ನು ಪೋಣಿಸುವವರೂ ಮಾರುವವರೂ ಈ ಸೀಮೆಯಲ್ಲಿಯೇ ಇದ್ದಾರೆ. ಆದರೆ ಅವರು ಪೋಣಿಸುವ ಗಾಜಿನ ಮಣಿ ಮಾತ್ರ ದೂರದ ಊರುಗಳಿಂದ ಮೂಟೆಗಳಲ್ಲಿ ಬರುತ್ತದೆ. ದಾರ ನಮ್ಮದು, ಮಣಿ ಪರರದು. ಈ ಸ್ಥಿತಿಯನ್ನು ಬದಲಿಸುವುದು ಸಾಧ್ಯವೆಂದೂ ಅದಕ್ಕೆ ಬೇಕಾದ ಬಂಡವಾಳವು ಅಲ್ಪವೆಂದೂ ನಾವು ನಂಬಿದ್ದೇವೆ.

ಆರಿಹೋದ ಕುಲುಮೆಗಳು

ಗಾಜಿನ ಕೆಲಸವು ಈ ನಾಡಿಗೆ ಹೊಸದೆಂದು ಯಾರೂ ತಿಳಿಯಬೇಕಾಗಿಲ್ಲ. ಟಿಪ್ಪೂ ಸುಲ್ತಾನನ ಪತನಾನಂತರ, 1800ರಲ್ಲಿ, ಕುಂಪಣಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನು ಚನ್ನಪಟ್ಟಣದಲ್ಲಿ ಗಾಜಿನ ಸಾಮಾನು ತಯಾರಾಗುವುದನ್ನು ಕಂಡನು. ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿಗೆ ಸೇರಿದ ಮತ್ತೋಡಿನಲ್ಲಿ ಗಾಜಿನ ಕುಲುಮೆಗಳನ್ನು ಕಂಡು ಅವುಗಳ ಕೆಲಸವನ್ನು ವಿವರವಾಗಿ ಬರೆದಿಟ್ಟನು. ಅಲ್ಲಿ ಹಸಿರು, ಕೆಂಪು, ಕಪ್ಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜು ಸಿದ್ಧವಾಗಿ ಬಳೆಗಳಾಗುತ್ತಿತ್ತು; ಬೇಕಾದ ಸಾಮಗ್ರಿಯೆಲ್ಲವೂ ಸುತ್ತಮುತ್ತಣ ನೆಲದಲ್ಲಿಯೇ ದೊರೆಯುತ್ತಿತ್ತು. ಚವುಳು ಮಣ್ಣು, ಮರಳುಕಲ್ಲು, ಲೋಹದ ಭಸ್ಮ, ಕಾಡಿನ ಸೌದೆ ಇವಿಷ್ಟರಿಂದ ಹಳ್ಳಿಯ ಕಸಬುದಾರನು ನಾಡಿನ ಹೆಣ್ಣುಮಕ್ಕಳ ಕೈಗೆ ಬಳೆಯನ್ನು ತೊಡಿಸುತ್ತಿದ್ದನು.

ಇನ್ನೂ ಹಿಂದಕ್ಕೆ ಹೋದರೆ, 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನ ಉತ್ಖನನವು ಎರಡು ಸಾವಿರ ವರ್ಷಗಳ ಕೆಳಗೆ ರೋಮಿನೊಡನೆ ವ್ಯಾಪಾರ ಮಾಡುತ್ತಿದ್ದ ಒಂದು ಬಂದರನ್ನು ಬೆಳಕಿಗೆ ತಂದಿತು. ಅಲ್ಲಿ ಗಾಜಿನ ಮಣಿಗಳು ತಯಾರಾಗುತ್ತಿದ್ದವು. ದಕ್ಷಿಣ ಭಾರತದಲ್ಲಿ ಹುಟ್ಟಿದ ಅಂಥ ಪುಟ್ಟ ಮಣಿಗಳು ಸಮುದ್ರವನ್ನು ದಾಟಿ ಆಗ್ನೇಯ ಏಷ್ಯದ ನಾಡುಗಳನ್ನು ಮುಟ್ಟಿದ್ದವೆಂದು ಪುರಾತತ್ತ್ವಜ್ಞರು ತೋರಿಸಿದ್ದಾರೆ. ಲೋಕಕ್ಕೆ ಮಣಿ ತೊಡಿಸಿದ ದೇಶ ನಮ್ಮದು.

ಮುಂದೆ ಕಾಲವು ತಿರುಗಿತು. ವೆನಿಸಿನಿಂದ, ಬೊಹೀಮಿಯದ ಯಾಬ್ಲೊನೆಟ್ಸಿನಿಂದ, ಅನಂತರ ಜಪಾನಿನಿಂದ ಹಡಗುಗಳಲ್ಲಿ ಮಣಿಗಳು ಬಂದಿಳಿದವು. ಅವು ಒಂದೇ ಗಾತ್ರದವು, ಹೊಳಪಿನವು, ಅಗ್ಗವಾದವು. ಸೌದೆಯ ಕುಲುಮೆಯ ಒರಟು ಗಾಜು ಅವುಗಳೆದುರು ನಿಲ್ಲಲಿಲ್ಲ. ಮತ್ತೋಡಿನ ಬೆಂಕಿ ಆರಿತು. ಚನ್ನಪಟ್ಟಣವು ಗಾಜನ್ನು ಬಿಟ್ಟು ಮರದ ಬಣ್ಣದ ಆಟಿಕೆಯಿಂದ ತನ್ನ ಹೆಸರನ್ನು ಉಳಿಸಿಕೊಂಡಿತು. ಸ್ವದೇಶೀ ಚಳವಳಿಯ ದಿನಗಳಲ್ಲಿ ಈ ನಷ್ಟವನ್ನು ತುಂಬಲು ಪ್ರಯತ್ನಗಳು ನಡೆಯದೆ ಇರಲಿಲ್ಲ. ಜನರಿಂದ ಪೈಸೆ ಪೈಸೆಯಾಗಿ ಕೂಡಿಸಿದ ನಿಧಿಯಿಂದ ಪುಣೆಯ ಹತ್ತಿರದ ತಳೇಗಾಂವಿನಲ್ಲಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆಯು ಹುಟ್ಟಿತು. ಅಲ್ಲಿ ಗಾಜನ್ನು ತಯಾರಿಸುವುದರ ಜೊತೆಗೆ ಗಾಜಿನ ಕೆಲಸಗಾರರನ್ನು ತಯಾರಿಸುವುದೂ ಉದ್ದೇಶವಾಗಿತ್ತು. ಈ ಎರಡನೆಯ ಉದ್ದೇಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ನಮ್ಮ ವಾದವೂ ಅದರ ಮೇಲೆಯೇ ನಿಂತಿದೆ.

ಮಣಿಯು ಹುಟ್ಟುವ ಬಗೆ

ಗಾಜಿನ ಮಣಿಯನ್ನು ಕೈಯಿಂದ ಮಾಡುವ ಮೂರು ಮುಖ್ಯ ವಿಧಾನಗಳು ನಮ್ಮ ದೇಶದಲ್ಲಿಯೇ ಜೀವಂತವಾಗಿ ಉಳಿದು ಬಂದಿವೆ. ಮೊದಲನೆಯದು ಎಳೆಯುವ ವಿಧಾನ. ಕರಗಿದ ಗಾಜಿನ ಮುದ್ದೆಯ ನಡುವೆ ಪೊಳ್ಳು ಉಳಿಯುವಂತೆ ಮಾಡಿ, ಅದನ್ನು ಉದ್ದವಾದ ಸಣ್ಣ ಕೊಳವೆಯಾಗಿ ಎಳೆದು, ಬಳಿಕ ತುಂಡುತುಂಡಾಗಿ ಕತ್ತರಿಸುವುದು. ತಿರುಪತಿಗೆ ಸಮೀಪದ ಪಾಪಾನಾಯುಡುಪೇಟೆಯ ಕುಲುಮೆಗಳು ಇದಕ್ಕೆ ಪ್ರಸಿದ್ಧವಾದವು. ಅರಿಕಮೇಡಿನ ವಿದ್ಯೆಯ ವಂಶಜವೆಂದು ಅದನ್ನು ವಿದ್ವಾಂಸರು ಎಣಿಸುತ್ತಾರೆ. ಎರಡನೆಯದು ಕುಲುಮೆಯ ಮುಂದೆ ಕುಳಿತು ಕರಗಿದ ಗಾಜನ್ನು ಕಬ್ಬಿಣದ ಸರಳಿಗೆ ಸುತ್ತಿ ಮಣಿ ಮಾಡುವುದು. ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರವು ಇದರ ನೆಲೆ. ಈ ಎರಡಕ್ಕೂ ದೊಡ್ಡ ಕುಲುಮೆ ಬೇಕು, ಹಗಲಿರುಳು ಉರಿಯುವ ಬೆಂಕಿ ಬೇಕು, ಹತ್ತಾರು ಆಳುಗಳು ಬೇಕು.

ಮೂರನೆಯದಾದ ದೀಪದ ಕೆಲಸವು ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಹಿಂದೆ ಎಣ್ಣೆಯ ದೀಪದ ಜ್ವಾಲೆಗೆ ತಿದಿಯಿಂದ ಗಾಳಿಯೂದಿ ಕಾವನ್ನು ಹೆಚ್ಚಿಸುತ್ತಿದ್ದರಾದ್ದರಿಂದ ಆ ಹೆಸರು ಬಂದಿತು. ಈಗ ಎಣ್ಣೆಯ ಬದಲು ಅನಿಲವೂ, ತಿದಿಯ ಬದಲು ಗಾಳಿಯ ಯಂತ್ರವೋ ಆಮ್ಲಜನಕವೋ ಇರುತ್ತದೆ. ಕಾಶಿಯಲ್ಲಿ ಸುಮಾರು 1940ರಿಂದ ಬೆಳೆದುಬಂದ ಈ ಕಸಬು ಅಲ್ಲಿ ಮನೆಮನೆಯ ಕೆಲಸವಾಗಿ ಹರಡಿ, ಆ ಮಣಿಗಳು ಪರದೇಶಗಳಿಗೂ ಹೋದವು. ಇಂದು ‘ವಾರಾಣಸಿಯ ಗಾಜಿನ ಮಣಿ’ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ಕಾನೂನುಬದ್ಧ ರಕ್ಷಣೆಯೂ ದೊರೆತಿದೆ.

ಕೆಲಸದ ಕ್ರಮವು ಹೀಗಿದೆ. ಕಸಬುದಾರನು ಒಂದು ಮೇಜಿನ ಮುಂದೆ ಕುಳಿತುಕೊಳ್ಳುತ್ತಾನೆ. ಎದುರಿಗೆ ಜ್ವಾಲೆ. ಒಂದು ಕೈಯಲ್ಲಿ ಸೀಸದ ಕಡ್ಡಿಯಷ್ಟು ದಪ್ಪದ ಬಣ್ಣದ ಗಾಜಿನ ಸಲಾಕೆ. ಇನ್ನೊಂದು ಕೈಯಲ್ಲಿ ಜೇಡಿಮಣ್ಣಿನಂಥ ಲೇಪವನ್ನು ಹಚ್ಚಿ ಒಣಗಿಸಿದ ತೆಳ್ಳನೆಯ ಉಕ್ಕಿನ ಕಡ್ಡಿ. ಸಲಾಕೆಯನ್ನು ಒಮ್ಮೆಲೆ ಬೆಂಕಿಗೆ ನುಗ್ಗಿಸಿದರೆ ಅದು ಸಿಡಿಯುತ್ತದೆ; ಆದ್ದರಿಂದ ಜ್ವಾಲೆಯ ಹೊರಗಿನಿಂದ ನಿಧಾನವಾಗಿ ಒಳಕ್ಕೆ ತರಬೇಕು. ಗಾಜು ಜೇನಿನಂತೆ ಮೆತ್ತಗಾದಾಗ ಅದನ್ನು ಉಕ್ಕಿನ ಕಡ್ಡಿಗೆ ತಾಕಿಸಿ, ಕಡ್ಡಿಯನ್ನು ತಿರುಗಿಸುತ್ತ ತಿರುಗಿಸುತ್ತ ಸುತ್ತಬೇಕು. ತಿರುಗಿಸುವುದನ್ನು ನಿಲ್ಲಿಸಿದರೆ ಗಾಜು ಒಂದು ಕಡೆಗೆ ಜೋತುಬೀಳುತ್ತದೆ. ಸಮನಾಗಿ ತಿರುಗಿಸಿದರೆ ತನ್ನಷ್ಟಕ್ಕೆ ತಾನೇ ದುಂಡಾಗುತ್ತದೆ. ಅದರ ಮೇಲೆ ಬೇರೆ ಬಣ್ಣದ ಗಾಜಿನ ಎಳೆಯಿಂದ ಚುಕ್ಕೆ, ಗೆರೆ, ಹೂ, ಬಳ್ಳಿಗಳನ್ನು ಬರೆಯುವುದು ಕಸಬುದಾರನ ಬುದ್ಧಿಗೆ ಬಿಟ್ಟದ್ದು. ಕೊನೆಗೆ ಕಡ್ಡಿಯಿಂದ ಮಣಿಯನ್ನು ಬಿಡಿಸಿದಾಗ ಕಡ್ಡಿಯಿದ್ದ ಜಾಗವೇ ದಾರದ ತೂತಾಗುತ್ತದೆ. ಲೇಪವಿಲ್ಲದಿದ್ದರೆ ಗಾಜು ಉಕ್ಕನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತಿತ್ತು.

ಇಷ್ಟರಲ್ಲಿಯೇ ಕೆಲಸವು ಮುಗಿಯುವುದಿಲ್ಲ. ಬಿಸಿಮಣಿಯನ್ನು ಹಾಗೆಯೇ ಗಾಳಿಗಿಟ್ಟರೆ ಹೊರಮೈ ಬೇಗನೆ ಆರಿ ಒಳಗಿನ ಕಾವು ಉಳಿದು, ಅದರೊಳಗೆ ಒಂದು ಬಗೆಯ ಬಿಗಿತವು ನೆಲಸುತ್ತದೆ. ಅಂಥ ಮಣಿಯು ಅಂದೇ ಒಡೆಯಬಹುದು, ಆರು ತಿಂಗಳ ಮೇಲೆ ಕೊಂಡವಳ ಕೊರಳಿನಲ್ಲಿ ಒಡೆಯಲೂಬಹುದು. ಆದುದರಿಂದ ಮಣಿಗಳನ್ನು ಸುಮಾರು 500 ಡಿಗ್ರಿ ಸೆಂಟಿಗ್ರೇಡ್ ಕಾವಿನ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ಕಾಲ ನಿಧಾನವಾಗಿ ಆರಿಸುತ್ತಾರೆ. ಬೇರೆಬೇರೆ ಜಾತಿಯ ಗಾಜುಗಳು ಕಾವಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ, ಹೊಂದದ ಎರಡು ಗಾಜುಗಳನ್ನು ಕೂಡಿಸಿದ ಮಣಿಯೂ ಸೀಳುತ್ತದೆ. ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರು ಮತ್ತು ಕೆಂಪು, ಮ್ಯಾಂಗನೀಸಿನಿಂದ ನೇರಳೆ ಎಂಬಂತೆ ಬಣ್ಣಗಳ ಹಿಂದೆಯೂ ಒಂದು ಶಾಸ್ತ್ರವಿದೆ. ಕಲಿಯತಕ್ಕದ್ದು ಬಹಳವಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಇಡಬೇಕಾದದ್ದು ಒಂದು ಮೇಜು, ಒಂದು ದೀಪ, ಕೆಲವು ಸಲಾಕೆ ಮತ್ತು ಕಡ್ಡಿಗಳು ಮಾತ್ರ. ಆರಿಸುವ ಗೂಡನ್ನು ಹತ್ತು ಮಂದಿ ಸೇರಿ ಬಳಸಬಹುದು. ಬಂಡವಾಳವು ಕಡಮೆಯಾಗಿ ಕೈಯ ಕುಶಲತೆ ಹೆಚ್ಚಾಗಿರುವ ಕಸಬೇ ಬಡವನಿಗೆ ನಿಲುಕುವ ಕಸಬು.

ಮಾರಬಲ್ಲವರು, ಮಾಡಲಾರದವರು

ಈ ದೃಷ್ಟಿಯಿಂದ ಪಕ್ಷಿರಾಜಪುರದ ಜನರ ಸ್ಥಿತಿಯನ್ನು ಪರಿಶೀಲಿಸೋಣ. ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದವರು; 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರ ಸಂಖ್ಯೆ 11,892. ಮನೆಯಲ್ಲಿ ಅವರಾಡುವ ವಾಗ್ರಿ ಮಾತು ಗುಜರಾತಿಗೆ ಹತ್ತಿರವಾದದ್ದು. ಹೆಸರೇ ಹೇಳುವಂತೆ ಹಕ್ಕಿಗಳನ್ನು ಹಿಡಿದು ಮಾರುವುದು ಅವರ ಕುಲವೃತ್ತಿಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಆ ವೃತ್ತಿಯನ್ನು ಅಪರಾಧವನ್ನಾಗಿ ಮಾಡಿತು. ಕಾಡನ್ನೂ ಪಕ್ಷಿಗಳನ್ನೂ ಕಾಪಾಡಬೇಕಾದದ್ದು ಸರಿಯೇ. ಆದರೆ ಒಂದು ಜನಾಂಗದ ಕೈಯಿಂದ ಬಲೆಯನ್ನು ಕಿತ್ತುಕೊಂಡ ಬಳಿಕ ಅದೇ ಕೈಗೆ ಯಾವ ಉಪಕರಣವನ್ನು ಕೊಟ್ಟೆವು ಎಂದು ರಾಜ್ಯವು ತನ್ನನ್ನು ತಾನು ಕೇಳಿಕೊಳ್ಳಬೇಕು.

ಆ ಜನರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಮಣಿಗಳನ್ನು ಪೋಣಿಸಿ ಸರ ಮಾಡಿದರು. ಬಣ್ಣದ ಹೂಗಳನ್ನು ಕಟ್ಟಿದರು. ಗಿಡಮೂಲಿಕೆಯ ಎಣ್ಣೆಯನ್ನು ತಯಾರಿಸಿದರು. ಜಾತ್ರೆ, ತೇರು, ಯಾತ್ರಾಸ್ಥಳಗಳಲ್ಲಿ ನೆಲದ ಮೇಲೆ ಒಂದು ಬಟ್ಟೆಯನ್ನು ಹಾಸಿ ವ್ಯಾಪಾರ ಮಾಡಿದರು. ಅಷ್ಟಕ್ಕೇ ನಿಲ್ಲದೆ ಸಮುದ್ರವನ್ನು ದಾಟಿ ಆಫ್ರಿಕದ ದೇಶಗಳಿಗೂ ತಮ್ಮ ಗಂಟನ್ನು ಹೊತ್ತುಕೊಂಡು ಹೋದರು. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಅಂತಃಕಲಹವು ಸಿಡಿದೆದ್ದಾಗ, ಗಿಡಮೂಲಿಕೆಯ ವ್ಯಾಪಾರಕ್ಕೆಂದು ಅಲ್ಲಿಗೆ ಹೋಗಿದ್ದ ಕರ್ನಾಟಕದ ಅನೇಕ ಹಕ್ಕಿಪಿಕ್ಕಿಗಳು ಗುಂಡಿನ ಮಳೆಯ ನಡುವೆ ಸಿಕ್ಕಿಕೊಂಡರೆಂಬ ಸುದ್ದಿಯು ಬಂದಾಗಲೇ ಈ ಜನರ ಸಾಹಸದ ಅರಿವು ನಮ್ಮ ಪಟ್ಟಣಗಳಿಗೆ ಆದದ್ದು. ಸಿಕ್ಕಿಕೊಂಡವರಲ್ಲಿ ಹುಣಸೂರು ತಾಲ್ಲೂಕಿನವರೂ ಇದ್ದರು. ಅದೇ ತಿಂಗಳ 24ರಂದು ಆರಂಭವಾದ ‘ಆಪರೇಷನ್ ಕಾವೇರಿ’ಯ ಮೂಲಕ ಭಾರತ ಸರಕಾರವು ಸುಡಾನಿನಲ್ಲಿದ್ದ ಭಾರತೀಯರನ್ನು ಕರೆತಂದಿತು.

ಈ ಘಟನೆಯಿಂದ ನಾವು ತೆಗೆಯಬೇಕಾದ ನೀತಿಯು ಒಂದಿದೆ. ಪರಭಾಷೆ, ಪರದೇಶ, ಪರಕೀಯ ನಾಣ್ಯ ಯಾವುದಕ್ಕೂ ಹೆದರದೆ ಲೋಕದ ಇನ್ನೊಂದು ಮೂಲೆಗೆ ಹೋಗಿ ಸಣ್ಣ ಸರಕನ್ನು ಮಾರಬಲ್ಲ ಧೈರ್ಯವು ಎಲ್ಲರಿಗೂ ಸಾಧ್ಯವಾಗುವಂಥದಲ್ಲ. ವ್ಯಾಪಾರದ ಶಾಲೆಗಳು ಹಣವನ್ನು ತೆಗೆದುಕೊಂಡು ಕಲಿಸುವ ವಿದ್ಯೆಯು ಈ ಜನರಿಗೆ ಹುಟ್ಟಿನಿಂದಲೇ ಬಂದಿದೆ. ಮಾರುವ ಶಕ್ತಿಯು ಅವರಲ್ಲಿದೆ. ಮಾರುವ ವಸ್ತುವನ್ನು ಮಾಡುವ ವಿದ್ಯೆಯನ್ನು ಮಾತ್ರ ಯಾರೂ ಅವರಿಗೆ ಕೊಟ್ಟಿಲ್ಲ. ಪೇಟೆಯ ಸಗಟು ಅಂಗಡಿಯಿಂದ ಮಣಿಯನ್ನು ಕೊಂಡು ಪೋಣಿಸಿ ಮಾರಿದರೆ ಅವರಿಗೆ ದೊರೆಯುವುದು ಪೋಣಿಸಿದ ಕೂಲಿ ಮತ್ತು ಬಿಸಿಲಿನಲ್ಲಿ ಕುಳಿತ ಕೂಲಿ ಮಾತ್ರ. ಮಣಿಯನ್ನು ಮಾಡಿದ ಲಾಭವು ಮಣಿಯ ಊರಿಗೂ, ನಡುವಣ ಲಾಭವು ದಲ್ಲಾಳಿಗೂ ಸಲ್ಲುತ್ತದೆ.

ತೂಕದ ವ್ಯಾಪಾರ, ಕೈಯ ವ್ಯಾಪಾರ

ಈ ಸೀಮೆಯ ಆರ್ಥಿಕ ವ್ಯವಸ್ಥೆಯೇ ತೂಕದ ಮೇಲೆ ನಿಂತದ್ದು. ಕಂಪಲಾಪುರದ ಕಟ್ಟೆಯಲ್ಲಿ ರೈತನ ತಂಬಾಕು ದರ್ಜೆಯ ಮೇಲೆ, ಕಿಲೋದ ಲೆಕ್ಕದಲ್ಲಿ ಹರಾಜಾಗುತ್ತದೆ. ಎಲೆಯನ್ನು ಬೆಳೆದು, ಸೌದೆಯುರಿಸಿ ಹದಮಾಡಿ ಕೊಟ್ಟವನ ಶ್ರಮವೂ ಅದೇ ಅಂಕೆಯಲ್ಲಿ ಅಡಗಿಹೋಗುತ್ತದೆ. ತಂಬಾಕಿನ ನಿಯಂತ್ರಣದ ಜಾಗತಿಕ ಒಪ್ಪಂದಕ್ಕೆ ಭಾರತವು 2004ರಲ್ಲಿಯೇ ಅನುಮೋದನೆ ನೀಡಿರುವುದರಿಂದ ಈ ಬೆಳೆಗೆ ಬದಲಿ ಜೀವನೋಪಾಯಗಳನ್ನು ಹುಡುಕಬೇಕೆಂಬ ಮಾತು ವರ್ಷವರ್ಷವೂ ಕೇಳಿಬರುತ್ತಿದೆ. ಆ ಮಾತಿನಲ್ಲಿ ಜೋಳ, ಶುಂಠಿ, ಬಾಳೆಗಳ ಹೆಸರು ಬರುತ್ತದೆಯೇ ಹೊರತು ಕೈಕಸಬಿನ ಹೆಸರು ಬರುವುದು ಅಪೂರ್ವ. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಹಳ್ಳಿಯ ಹೆಂಗಸರ ಕೈಗೆ ಏನು ಕೆಲಸವಿದೆಯೆಂದು ಯೋಚಿಸುವವರು ಇನ್ನೂ ಕಡಮೆ.

ಗಾಜಿನ ಮಣಿಯಲ್ಲಿಯೂ ಎರಡು ವ್ಯಾಪಾರಗಳಿವೆ. ಯಂತ್ರದಿಂದ ಉದುರುವ ಸಣ್ಣ ಮಣಿಯನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಅದರಲ್ಲಿ ಚೀನದ ಕಾರ್ಖಾನೆಗಳೊಡನೆ ಸ್ಪರ್ಧಿಸಲು ಹೊರಡುವುದು ಅವಿವೇಕ. ದೀಪದ ಮುಂದೆ ಒಂದೊಂದಾಗಿ ಸುತ್ತಿದ ಮಣಿಯನ್ನು ಬಿಡಿಯಾಗಿ ಮಾರುತ್ತಾರೆ. ಅದರ ಬೆಲೆಯು ಅದರೊಳಗಿನ ಹೂವಿನಲ್ಲಿ, ಬಣ್ಣದ ಮೇಳದಲ್ಲಿ, ಮಾಡಿದವರ ಹೆಸರಿನಲ್ಲಿ ಇದೆ. ಒಂದು ಹಿಡಿ ಗಾಜು ತೂಕದ ವ್ಯಾಪಾರದಲ್ಲಿ ಕೆಲವೇ ರೂಪಾಯಿಗಳ ವಸ್ತು. ಕುಶಲ ಹಸ್ತದಲ್ಲಿ ಅದೇ ಗಾಜು ಒಂದು ಸಂಸಾರದ ದಿನದ ಅನ್ನವಾಗುತ್ತದೆ. ವೆನಿಸಿನವರು ಈ ಗುಟ್ಟನ್ನು ಬಹು ಹಿಂದೆಯೇ ಅರಿತಿದ್ದರು. 1291ರಲ್ಲಿ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಿ, ಕಸಬಿನ ಗುಟ್ಟುಗಳನ್ನು ರಾಜ್ಯದ ಸೊತ್ತೆಂದು ಕಾಯ್ದರು. ಇಟಲಿ ಮತ್ತು ಫ್ರಾನ್ಸುಗಳ ಗಾಜಿನ ಮಣಿಯ ಕಲೆಯನ್ನು ಯುನೆಸ್ಕೊ ಸಂಸ್ಥೆಯು 2020ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅವರು ದೀಪದ ಮುಂದೆ ಕುಳಿತವನನ್ನು ಕಲಾವಿದನೆಂದು ಕರೆದರು. ನಾವು ಅವನನ್ನು ಕೂಲಿಯವನೆಂದು ಕರೆಯುತ್ತೇವೆ. ಬೆಲೆಯ ವ್ಯತ್ಯಾಸಕ್ಕೆ ಮೂಲವು ಬಹುಮಟ್ಟಿಗೆ ಇಲ್ಲಿಯೇ ಇದೆ.

ಬೆಲೆಯನ್ನು ಕಟ್ಟುವ ಲೆಕ್ಕವನ್ನೂ ಕಸಬಿನೊಡನೆಯೇ ಕಲಿಸಬೇಕು. ಗಾಜು, ಅನಿಲ, ಗೂಡಿನ ವಿದ್ಯುತ್ತು, ಒಡೆದು ಹೋದ ಮಣಿಗಳ ನಷ್ಟ, ಕೊಂಡಿ ಮತ್ತು ದಾರ, ಮಾರಲು ಹೋಗಿಬಂದ ಬಸ್ಸಿನ ಚಾರ್ಜು ಇವೆಲ್ಲವನ್ನೂ ಕೂಡಿಸಿ, ಅದರ ಮೇಲೆ ತನ್ನ ಗಂಟೆಗಳ ಕೂಲಿಯನ್ನೂ ಸೇರಿಸಿ ಬೆಲೆ ಹೇಳಲು ಬಾರದ ಕಸಬುದಾರನು ಎಷ್ಟೇ ನಿಪುಣನಾಗಿದ್ದರೂ ಸಾಲಗಾರನಾಗುತ್ತಾನೆ. ನಮ್ಮ ನೇಕಾರರ ಕಥೆಯೂ ಕುಂಬಾರರ ಕಥೆಯೂ ಇದಕ್ಕೆ ಸಾಕ್ಷಿಯಾಗಿವೆ.

ಇನ್ನು ಪ್ರಾಮಾಣಿಕತೆಯ ವಿಷಯ. ಪ್ಲಾಸ್ಟಿಕ್ಕನ್ನು ಗಾಜೆಂದೂ, ಗಾಜನ್ನು ಹವಳವೆಂದೂ ವೈಡೂರ್ಯವೆಂದೂ ಮಾರುವ ಚಾಳಿಯು ಪ್ರವಾಸಿಗಳು ಬರುವೆಡೆಗಳಲ್ಲೆಲ್ಲ ಇದೆ. ಹೊಸ ಕಸಬು ಈ ದಾರಿಯನ್ನು ಹಿಡಿದರೆ ಹುಟ್ಟಿದ ವರ್ಷವೇ ಸಾಯುತ್ತದೆ. ‘ಇದು ಗಾಜು; ಕೈಯಿಂದ ಮಾಡಿದ್ದು; ಇಂಥ ಊರಿನಲ್ಲಿ ಮಾಡಿದ್ದು’ ಎಂಬ ಮೂರು ಮಾತುಗಳಿರುವ ಚೀಟಿಯು ಪ್ರತಿ ಸರದೊಡನೆಯೂ ಇರಲಿ. ಗಾಜು ಗಾಜಾಗಿಯೇ ಸುಂದರವಾದದ್ದು. ಅದಕ್ಕೆ ಬೇರೆ ಹೆಸರಿನ ಹಂಗು ಬೇಡ.

ಆಕ್ಷೇಪಗಳು

ಈ ಸಲಹೆಗೆ ಬರಬಹುದಾದ ಆಕ್ಷೇಪಗಳನ್ನು ನಾವು ಮರೆತಿಲ್ಲ. ಇದು ಬೆಂಕಿಯ ಕೆಲಸ, ಅನಿಲದ ಕೆಲಸ, ಅಪಾಯಕರವಾದದ್ದು ಎನ್ನಬಹುದು. ನಿಜ. ಗುಡಿಸಲಿನೊಳಗೆ ಅನಿಲದ ಸಿಲಿಂಡರನ್ನಿಟ್ಟು ಈ ಕೆಲಸವನ್ನು ಮಾಡತಕ್ಕದ್ದಲ್ಲ. ಗಾಳಿಯಾಡುವ ಪ್ರತ್ಯೇಕ ಕಟ್ಟಡವು ಬೇಕು, ಸಿಲಿಂಡರುಗಳು ಹೊರಗಿರಬೇಕು, ಗಾಜು ಕಾಯುವಾಗ ಹೊರಡುವ ಹಳದಿ ಪ್ರಭೆಯಿಂದ ಕಣ್ಣುಗಳನ್ನು ರಕ್ಷಿಸುವ ಕನ್ನಡಕವು ಬೇಕು, ಬಣ್ಣದ ಗಾಜಿನಲ್ಲಿರಬಹುದಾದ ಸೀಸ ಮುಂತಾದ ಲೋಹಗಳ ಬಗ್ಗೆ ತಿಳಿವಳಿಕೆಯು ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳನ್ನು ಈ ದೀಪದ ಮುಂದೆ ಕುಳ್ಳಿರಿಸಬಾರದು. ಫಿರೋಜಾಬಾದಿನ ಬಳೆಯ ಉದ್ಯಮವು ಬಾಲಕಾರ್ಮಿಕರ ಕಾರಣದಿಂದ ಪಡೆದ ಅಪಕೀರ್ತಿಯು ನಮ್ಮ ಸೀಮೆಗೆ ಬರುವುದಾದರೆ ಈ ಕಸಬೇ ಬೇಡ.

ಮಣಿಯು ಚೈನಿಯ ವಸ್ತು, ಅದರ ಮೇಲೆ ಸಂಸಾರವನ್ನು ಹೂಡಬಹುದೆ ಎಂದು ಕೆಲವರು ಕೇಳಬಹುದು. ಎಲ್ಲರೂ ಇದರಿಂದಲೇ ಬದುಕಬೇಕೆಂದು ನಾವು ಹೇಳುತ್ತಿಲ್ಲ. ಒಂದು ಹಳ್ಳಿಯಲ್ಲಿ ಹತ್ತು ದೀಪಗಳು ಉರಿದರೆ ಅವುಗಳ ಸುತ್ತ ಪೋಣಿಸುವವರು, ಕೊಂಡಿ ಹಾಕುವವರು, ಮಾರುವವರು ಹೀಗೆ ಹಲವು ಕೈಗಳಿಗೆ ಕೆಲಸವು ಹರಿಯುತ್ತದೆ. ಹೊರಗಿನ ವಿದ್ಯೆಯನ್ನು ತಂದು ಇಲ್ಲಿ ಬೇರೂರಿಸುವುದು ಆಗದ ಮಾತೆಂಬ ಮೂರನೆಯ ಆಕ್ಷೇಪಕ್ಕೆ ನಮ್ಮ ಸಂಸ್ಥಾನದ ಚರಿತ್ರೆಯೇ ಉತ್ತರ ಕೊಡುತ್ತದೆ. ಕಳೆದ ಶತಮಾನದ ಆದಿಯಲ್ಲಿ ಜಪಾನಿನ ಅರಗಿನ ಕೆಲಸದ ವಿಧಾನಗಳನ್ನು ಚನ್ನಪಟ್ಟಣದ ಕಸಬಿಗೆ ಅಳವಡಿಸಿದ ಬಾವಾಸ್ ಮಿಯಾರ ಹೆಸರನ್ನು ಆ ಊರು ಇಂದಿಗೂ ಗೌರವದಿಂದ ನೆನೆಯುತ್ತದೆ. 1914ರ ಮಹಾಯುದ್ಧದಿಂದ ಗಂಧದ ಮರದ ರಫ್ತಿಗೆ ಅಡ್ಡಿಯಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವೂ ದಿವಾನ್ ವಿಶ್ವೇಶ್ವರಯ್ಯನವರೂ ಕೊರಗುತ್ತ ಕುಳಿತುಕೊಳ್ಳಲಿಲ್ಲ. ಮರವನ್ನು ಮಾರುತ್ತಿದ್ದ ರಾಜ್ಯವು ಎಣ್ಣೆಯನ್ನೂ ಬಳಿಕ ಸಾಬೂನನ್ನೂ ತಾನೇ ತಯಾರಿಸತೊಡಗಿತು. ಕಚ್ಚಾಮಾಲಿನಿಂದ ಕುಶಲವಸ್ತುವಿಗೆ ಏರುವ ಮಾರ್ಗವನ್ನು ಮೈಸೂರು ಒಮ್ಮೆ ನಡೆದು ತೋರಿಸಿದೆ.

ಆಗಬೇಕಾದದ್ದು

ಅಧಿಕಾರಿವರ್ಗದ ಮುಂದೆ ನಾವಿಡುವ ಬೇಡಿಕೆಗಳು ಹೆಚ್ಚೇನೂ ಇಲ್ಲ. ಮೊದಲನೆಯದಾಗಿ, ಕಾಶಿಯ ಒಬ್ಬಿಬ್ಬರು ನುರಿತ ಕಸಬುದಾರರನ್ನು ಒಂದು ವರ್ಷದ ಮಟ್ಟಿಗೆ ಗುರುಗಳಾಗಿ ಕರೆತಂದು ಪಕ್ಷಿರಾಜಪುರದಲ್ಲಾಗಲಿ ಕಂಪಲಾಪುರದಲ್ಲಾಗಲಿ ಕೂರಿಸಬೇಕು. ಹತ್ತು ದಿನಗಳ ಶಿಬಿರ, ಒಂದು ಪ್ರಮಾಣಪತ್ರ, ಒಂದು ಛಾಯಾಚಿತ್ರ ಇವುಗಳಿಂದ ಯಾರ ಕೈಗೂ ಕಸಬು ಹತ್ತುವುದಿಲ್ಲ. ಎರಡನೆಯದಾಗಿ, ಸುರಕ್ಷಿತವಾದ ಒಂದು ಸಾಮೂಹಿಕ ಕೆಲಸದ ಮನೆಯೂ ಆರಿಸುವ ಗೂಡೂ ಅಲ್ಲಿರಬೇಕು. ಗಾಜಿನ ಸಲಾಕೆಯನ್ನು ಸಗಟಾಗಿ ತರಿಸಿ ಹಂಚುವ ಭಾರವನ್ನು ಆದಿವಾಸಿಗಳ ‘ಲ್ಯಾಂಪ್ಸ್’ ಸಹಕಾರ ಸಂಘಗಳಂಥ ಸಂಸ್ಥೆಗಳು ಹೊರಲಿ. ದಲ್ಲಾಳಿಯ ಸಾಲಕ್ಕೆ ಆಗ ಎಡೆಯಿರುವುದಿಲ್ಲ.

ಮೂರನೆಯದಾಗಿ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 18 ಕಸಬುಗಳನ್ನು ಪಟ್ಟಿಮಾಡಿತು. ಅದರಲ್ಲಿ ಅಕ್ಕಸಾಲಿಯಿದ್ದಾನೆ, ಹೂ ಕಟ್ಟುವವನಿದ್ದಾನೆ, ಆಟಿಕೆ ಮಾಡುವವನೂ ಇದ್ದಾನೆ. ಗಾಜಿನ ಮಣಿಯನ್ನು ಮಾಡುವವನ ಹೆಸರು ಆ ಹದಿನೆಂಟರಲ್ಲಿಲ್ಲ. ಬಂಗಾರದ ತಾಳಿಯನ್ನು ಮಾಡುವವನು ಕಸಬುದಾರನಾದರೆ ಅದರ ಪಕ್ಕದ ಕರಿಮಣಿಯನ್ನು ಮಾಡುವವನೂ ಕಸಬುದಾರನೇ. ಈ ಲೋಪವನ್ನು ರಾಜ್ಯ ಸರಕಾರವು ಕೇಂದ್ರದ ಗಮನಕ್ಕೆ ತರಬೇಕು. ನಾಲ್ಕನೆಯದಾಗಿ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿಯೂ ಕಾವೇರಿ ಕರಕುಶಲ ಮಳಿಗೆಗಳಲ್ಲಿಯೂ ಈ ಕಸಬಿಗೆ ಒಂದು ಮೂಲೆಯನ್ನು ಕೊಡಬೇಕು. ಅಲ್ಲಿ ದೀಪವೂ ಉರಿಯುತ್ತಿರಲಿ. ಬರಿಯ ಸರಗಳನ್ನು ತೂಗುಹಾಕಿದರೆ ಸಾಲದು. ಕಣ್ಣಮುಂದೆ ಮಣಿಯು ಹುಟ್ಟುವುದನ್ನು ನೋಡಿದ ಗಿರಾಕಿಯು ಬೆಲೆಯ ಚೌಕಾಸಿ ಮಾಡುವಾಗ ನಾಚಿಕೊಳ್ಳುತ್ತಾನೆ.

ಪಟ್ಟಣದ ಸದ್ಗೃಹಸ್ಥರ ಕರ್ತವ್ಯವೂ ಇದೆ. ನಾವು ಭತ್ತದ ಜಾತಿಯನ್ನು ವಿಚಾರಿಸುತ್ತೇವೆ, ಸೀರೆಯ ಊರನ್ನು ವಿಚಾರಿಸುತ್ತೇವೆ, ಕಾಫಿಯ ತೋಟವನ್ನು ವಿಚಾರಿಸುತ್ತೇವೆ. ಮದುವೆಗೆಂದು ಕರಿಮಣಿಯ ಸರವನ್ನು ಕೊಳ್ಳುವಾಗ ಮಾತ್ರ ಬಂಗಾರದ ತೂಕವನ್ನು ಕೇಳಿ ಸುಮ್ಮನಾಗುತ್ತೇವೆ. ಇನ್ನು ಮುಂದೆ ಅಂಗಡಿಯವನನ್ನು ‘ಈ ಮಣಿ ಎಲ್ಲಿಯದು, ಯಾರು ಮಾಡಿದ್ದು’ ಎಂದೂ ಕೇಳೋಣ. ಮೊದಲ ದಿನ ಅವನಿಗೆ ಉತ್ತರ ತಿಳಿದಿರಲಿಕ್ಕಿಲ್ಲ. ಹತ್ತು ಮಂದಿ ಕೇಳಿದರೆ ಅವನು ತಿಳಿದುಕೊಳ್ಳುತ್ತಾನೆ. ನೂರು ಮಂದಿ ಕೇಳಿದರೆ ಉತ್ತರವಿರುವ ಮಣಿಯನ್ನೇ ತರಿಸುತ್ತಾನೆ.

ಚುಂಚನಕಟ್ಟೆಯ ಜಾತ್ರೆಯಲ್ಲಿಯೋ ಬೆಟ್ಟದಪುರದ ತೇರಿನಲ್ಲಿಯೋ ನೆಲದ ಮೇಲೆ ಬಟ್ಟೆ ಹಾಸಿ ಮಣಿಸರವನ್ನು ಮಾರುವ ಹೆಂಗಸು ಭಿಕ್ಷೆಯನ್ನು ಕೇಳುತ್ತಿಲ್ಲ, ವ್ಯಾಪಾರವನ್ನು ಮಾಡುತ್ತಿದ್ದಾಳೆ. ಪರಕೀಯರ ಮಣಿಯನ್ನು ಪೋಣಿಸಿ ಇಷ್ಟು ದೂರ ಬಂದವಳು, ತನ್ನದೇ ಮಣಿಯನ್ನು ಮಾಡಲು ಕಲಿತರೆ ಎಲ್ಲಿಯವರೆಗೆ ಹೋಗಬಲ್ಲಳೆಂದು ಜಿಲ್ಲೆಯ ಅಧಿಕಾರಿಗಳು ಯೋಚಿಸಲಿ. ಬಲೆಯನ್ನು ಕಿತ್ತುಕೊಂಡು ಐವತ್ತು ವರ್ಷಗಳು ಕಳೆದಿವೆ. ಆ ಕೈಗೆ ಒಂದು ದೀಪವನ್ನು ಕೊಡಲು ಇನ್ನಷ್ಟು ಕಾಲವನ್ನು ಕಳೆಯುವುದು ಯಾವ ಸರಕಾರಕ್ಕೂ ಶೋಭೆಯನ್ನು ತರಲಾರದು.